ಚಿತ್ರಕಥೆಯ ಹಾಳೆಗೆ ಲಿಲಾವು

ಕಲೆಗೆ ಕೂಗಿದ ಬೆಲೆಯೇ ಕಲಾವಿದನಿಗೆ ಸಂದ ಮರ್ಯಾದೆ ಎಂಬ ಮಾತು ಈಚೆಗೆ ನಮ್ಮ ವಿದ್ಯಾವಂತರಲ್ಲಿ ಗಾದೆಯಂತೆ ಚಲಾವಣೆಯಾಗುತ್ತಿದೆ. ಪ್ಯಾರಿಸ್ಸಿನಲ್ಲಿ ಚಿತ್ರಕಥೆಯ ಒಂದು ಹಾಳೆ ಇಷ್ಟು ಕೋಟಿಗೆ ಹೋಯಿತು, ಅಮೆರಿಕೆಯಲ್ಲಿ ಇನ್ನೊಂದು ಅಷ್ಟು ಕೋಟಿಗೆ ಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ, ‘ನೋಡಿ, ಅವರಿಗೆ ಕಲೆಯ ಬೆಲೆ ಗೊತ್ತು, ನಮ್ಮಲ್ಲಿ ಏನಿದೆ?’ ಎಂದು ನಿಟ್ಟುಸಿರು ಬಿಡುವವರು ವಿಜಯಪುರದಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಿಯೂ ಇದ್ದಾರೆ. ಇವರಿಗೆ ಎದುರಾದ ಪಂಗಡವೂ ಒಂದುಂಟು. ‘ಹುಡುಗರು ಓದಿ ಹರಿದು ಬಿಸಾಡುವ ಕಾಮಿಕ್ಸಿಗೆ ಕೋಟಿ ರೂಪಾಯಿಯೆ? ಲೋಕಕ್ಕೆ ಮರುಳು ಹಿಡಿದಿದೆ’ ಎಂದು ತಲೆ ಕೊಡಹುವವರ ಪಂಗಡ ಅದು. ಕಾಲೇಜಿನಲ್ಲಿ ನನ್ನ ಜೊತೆಗೆ ಕನ್ನಡ ಕಲಿಸುವವರಲ್ಲಿ ಹೆಚ್ಚಿನವರು ಈ ಎರಡನೆಯ ಪಂಗಡಕ್ಕೆ ಸೇರಿದವರು. ಇಬ್ಬರೂ ತಪ್ಪಿದ್ದಾರೆಂಬುದು ನನ್ನ ವಾದ. ಮೊದಲಿನವರು ಬೆಲೆಯನ್ನು ನೋಡಿ ಬೆಳೆದವನನ್ನು ಮರೆತಿದ್ದಾರೆ. ಎರಡನೆಯವರು ಬೆಳೆಯನ್ನೇ ಕಳೆ ಎಂದು ತಿಳಿದಿದ್ದಾರೆ.

ವಾದಕ್ಕಿಳಿಯುವ ಮುನ್ನ ವಸ್ತು ಏನೆಂಬುದು ಗೊತ್ತಿರಬೇಕು. ಅಂಗಡಿಯಲ್ಲಿ ಸಿಕ್ಕುವ ಚಿತ್ರಕಥೆಯ ಪುಸ್ತಕ ಬೇರೆ, ಅದಕ್ಕಾಗಿ ಚಿತ್ರಕಾರನು ತನ್ನ ಕೈಯಿಂದ ಬರೆದ ಮೂಲ ಹಾಳೆ ಬೇರೆ. ಪುಸ್ತಕ ಲಕ್ಷ ಪ್ರತಿ ಅಚ್ಚಾಗಬಹುದು, ಹಾಳೆ ಒಂದೇ. ಅದು ಅಚ್ಚಿನ ಪುಟಕ್ಕಿಂತ ದೊಡ್ಡದು. ಅಮೆರಿಕೆಯಲ್ಲಿ ಹನ್ನೊಂದು ಅಂಗುಲ ಅಗಲ, ಹದಿನೇಳು ಅಂಗುಲ ಉದ್ದದ ದಪ್ಪ ಕಾಗದದ ಮೇಲೆ ಬರೆದು, ಅಚ್ಚಿಗೆ ಹಾಕುವಾಗ ಕುಗ್ಗಿಸುತ್ತಾರೆ. ಮೊದಲು ಪೆನ್ಸಿಲ್ಲು, ಮೇಲೆ ಕಪ್ಪು ಶಾಯಿ. ತಪ್ಪಿದ ಕಡೆ ಬಿಳಿ ಬಣ್ಣದ ತೇಪೆ. ಮಾತಿನ ಗುಳ್ಳೆಗಳನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ ಗುರುತು. ಅಂಚಿನಲ್ಲಿ ಸಂಪಾದಕನ ಟಿಪ್ಪಣಿ. ಅಚ್ಚಿನಲ್ಲಿ ಇವೊಂದೂ ಕಾಣುವುದಿಲ್ಲ. ಕವಿಯ ಕೈಬರಹದಲ್ಲಿ ಕಾಟು ಹೊಡೆದ ಸಾಲು ವಿದ್ಯಾರ್ಥಿಗೆ ಎಷ್ಟು ಕಲಿಸುವುದೋ, ಈ ಹಾಳೆಯ ಮೇಲಿನ ತೇಪೆಯೂ ಅಷ್ಟೇ ಕಲಿಸುತ್ತದೆ. ಕೈಬರಹದ ಪ್ರತಿಗಳನ್ನು ಹುಡುಕಿ ಪಾಠಾಂತರ ಹಚ್ಚುವ ನಾವು, ಚಿತ್ರದ ಕೈಬರಹ ಕಂಡಾಗ ಮೂಗು ಮುರಿಯುವುದಕ್ಕೆ ಕಾರಣವಿಲ್ಲ.

ಇನ್ನು ಬೆಲೆಯ ಮಾತು. ಟಿನ್‌ಟಿನ್ ಎಂಬ ಹುಡುಗನ ಸಾಹಸಗಳನ್ನು ಬರೆದ ಬೆಲ್ಜಿಯಮ್ಮಿನ ಎರ್ಜೆ, ‘ನೀಲಿ ಕಮಲ’ ಎಂಬ ಕಥೆಯ ರಕ್ಷಾಪುಟಕ್ಕಾಗಿ 1936ರಲ್ಲಿ ಒಂದು ವರ್ಣಚಿತ್ರ ಮಾಡಿದನು. ಬಣ್ಣ ಹೆಚ್ಚಾಯಿತು, ಅಚ್ಚಿನ ಖರ್ಚು ಹೆಚ್ಚಾದೀತು ಎಂದು ಪ್ರಕಾಶಕರು ಅದನ್ನು ಒಪ್ಪಲಿಲ್ಲ. ಪ್ರಕಾಶಕರ ಚಿಕ್ಕ ಮಗನಿಗೆ ಎರ್ಜೆ ಅದನ್ನು ಕೊಟ್ಟನೆಂದೂ, ಹುಡುಗ ಅದನ್ನು ಮಡಿಚಿ ಮೇಜಿನ ಖಾನೆಯಲ್ಲಿಟ್ಟನೆಂದೂ ಹರಾಜು ಮನೆಯವರು ಹೇಳಿದರು. ಆ ಕಥೆಯನ್ನು ಒಪ್ಪದವರೂ ಇದ್ದಾರೆ. ಅದೇ ಹಾಳೆ 2021ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 32 ಲಕ್ಷ ಯೂರೊಗಳಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 28 ಕೋಟಿ ರೂಪಾಯಿಗಳಿಗೆ ಹೋಯಿತು. ಮರುವರ್ಷದ ಜನವರಿಯಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ, ಮೈಕ್ ಝೆಕ್ ಬರೆದ 1984ರ ಒಂದು ಸ್ಪೈಡರ್‌ಮ್ಯಾನ್ ಪುಟ 33 ಲಕ್ಷ 60 ಸಾವಿರ ಡಾಲರಿಗೆ ಏರಿತು. ಆ ನಾಯಕ ಕಪ್ಪು ಉಡುಪು ತೊಟ್ಟ ಪುಟ ಅದು. ಕೂಗು ಆರಂಭವಾದದ್ದು 3 ಲಕ್ಷ 30 ಸಾವಿರದಿಂದ. ಆ ಸಂಚಿಕೆ ಹೊಸದಾಗಿ ಬಂದಾಗ ಅದರ ಬೆಲೆ 75 ಸೆಂಟು.

ಈ ಅಂಕಿಗಳಿಂದ ಬೆರಗಾಗುವವರಿಗೆ ನನ್ನದೊಂದು ಪ್ರಶ್ನೆ: ಬೆಲೆ ಏರಿದ್ದು ಯಾರಿಂದ? ಗೆರೆಯ ಸೊಗಸಿನಿಂದ ಮಾತ್ರವೇ ಆಗಿದ್ದರೆ, ಅದೇ ಕೈ ಬರೆದ ಬೇರೆ ಪುಟಗಳಿಗೂ ಅದೇ ಬೆಲೆ ಬರಬೇಕಾಗಿತ್ತು. ಹಾಗೆ ಬರುವುದಿಲ್ಲ. 1984ರಲ್ಲಿ ಮುಕ್ಕಾಲು ಡಾಲರು ಕೊಟ್ಟು ಆ ಸಂಚಿಕೆಯನ್ನು ಕೊಂಡ ಹುಡುಗರು ಇಂದು ಹಣವಂತ ಗೃಹಸ್ಥರಾಗಿದ್ದಾರೆ. ಅಂಥವರಲ್ಲಿ ಇಬ್ಬರಿಗೆ ಒಂದೇ ಹಾಳೆ ಬೇಕಾದರೆ ಸಾಕು, ಲಿಲಾವು ಮುಗಿಲಿಗೆ ಮುಟ್ಟುತ್ತದೆ. ಲಕ್ಷಾಂತರ ಮಕ್ಕಳು ಅಗ್ಗದ ಕಾಗದದ ಮೇಲೆ ಆ ಚಿತ್ರವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದರಿಂದಲೇ ಆ ಒಂದು ಹಾಳೆಗೆ ಬೆಲೆ ಬಂದಿದೆ. ಸಾಮಾನ್ಯವಾಗಿ ಮೂಲದಿಂದ ನಕಲಿಗೆ ಬೆಲೆ ಎಂದು ತಿಳಿಯುತ್ತೇವೆ; ಇಲ್ಲಿ ನಕಲುಗಳಿಂದ ಮೂಲಕ್ಕೆ ಬೆಲೆ. ಹೀಗಿರುವಾಗ ಆ ಹಾಳೆಯ ಮೇಲೆ ಎರಡು ಋಣಗಳಿವೆ. ಒಂದು, ಬರೆದವನದು. ಇನ್ನೊಂದು, ಓದಿದ ಜನರದು. ಹರಾಜು ಮನೆಯ ಲೆಕ್ಕದ ಪುಸ್ತಕದಲ್ಲಿ ಈ ಇಬ್ಬರ ಹೆಸರಿಗೂ ಖಾತೆ ಇಲ್ಲ. ಅಲ್ಲಿರುವವರು ಮಾರುವವನು, ಕೊಳ್ಳುವವನು ಮತ್ತು ನಡುವಿನ ಹರಾಜು ಮನೆ, ಇಷ್ಟೇ.

ನಮ್ಮ ಕಡೆಯವರಿಗೆ ಲಿಲಾವು ಹೊಸದಲ್ಲ. ವಿಜಯಪುರದಿಂದ ಅಥಣಿಯ ದಾರಿ ಹಿಡಿದು ತಿಕೋಟಾಕ್ಕೆ ಹೋದರೆ, ಇಲ್ಲವೆ ಬಬಲೇಶ್ವರದ ಹೊಲಗಳ ಕಡೆಗೆ ಹೊರಳಿದರೆ, ದ್ರಾಕ್ಷಿಯ ತೋಟಗಳೂ ಮಣೂಕ ಒಣಗಿಸುವ ನೆರಳಿನ ಚಪ್ಪರಗಳೂ ಕಣ್ಣಿಗೆ ಬೀಳುತ್ತವೆ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೊ ಮಣೂಕವಾಗುತ್ತದೆ. ಅದನ್ನು ರೈತ ವಿಜಯಪುರದ ಮಾರುಕಟ್ಟೆಗೋ ತಾಸಗಾಂವ, ಸಾಂಗಲಿಗೋ ಒಯ್ಯುತ್ತಾನೆ. ಅಲ್ಲಿ ಅಡತಿಯವನಿದ್ದಾನೆ, ವ್ಯಾಪಾರಿ ಇದ್ದಾನೆ, ಕಮಿಶನ್ನು ಇದೆ, ಮೋಸವೂ ಇರಬಹುದು. ಆದರೂ ಒಂದು ಮಾತು: ಬೆಳೆದವನು ಎದುರಿಗೆ ನಿಂತಿರುತ್ತಾನೆ. ಕೂಗಿದ ಭಾವ ಸರಿಬಾರದಿದ್ದರೆ ‘ಕೊಡಾಂಗಿಲ್ಲ’ ಎಂದು ಮಾಲನ್ನು ಶೀತಲಗೃಹಕ್ಕೆ ತಿರುಗಿ ಒಯ್ಯುವ ಅಧಿಕಾರ ಅವನಿಗಿದೆ. ಚಿತ್ರಕಥೆಯ ಹಾಳೆಯ ಲಿಲಾವಿನಲ್ಲಿ ಬೆಳೆದವನು ಸಾಮಾನ್ಯವಾಗಿ ಕಣ್ಣಿಗೇ ಬೀಳುವುದಿಲ್ಲ. ಅವನು ಸತ್ತಿರುತ್ತಾನೆ, ಇಲ್ಲವೆ ಎಷ್ಟೋ ವರ್ಷಗಳ ಹಿಂದೆ ಹಾಳೆಯನ್ನು ಚಿಲ್ಲರೆ ಹಣಕ್ಕೆ ಕೊಟ್ಟಿರುತ್ತಾನೆ, ಇಲ್ಲವೆ ಹಾಳೆ ಅವನ ಕೈಗೆ ತಿರುಗಿ ಬಂದೇ ಇರುವುದಿಲ್ಲ.

ಈ ಕೊನೆಯ ಮಾತಿಗೆ ಜ್ಯಾಕ್ ಕರ್ಬಿಯ ಕಥೆ ಸಾಕ್ಷಿ. ಅಮೆರಿಕದ ಮಾರ್ವೆಲ್ ಕಂಪನಿಯ ಎಷ್ಟೋ ನಾಯಕರಿಗೆ ರೂಪು ಕೊಟ್ಟವನು ಅವನು. ಬರೆದ ಪುಟಗಳು ಹತ್ತು ಸಾವಿರದ ಮೇಲೆ. ತನ್ನ ಹಾಳೆಗಳನ್ನು ತನಗೆ ಕೊಡಿರೆಂದು ಕಂಪನಿಯೊಡನೆ ವರ್ಷಗಟ್ಟಲೆ ಜಗಳಾಡಿದ ಮೇಲೆ 1987ರಲ್ಲಿ ಅವನಿಗೆ ಮರಳಿದ್ದು ಸುಮಾರು ಎರಡು ಸಾವಿರ ಪುಟ. ಮುದುಕನಾದ ಕಲಾವಿದನು ಸ್ವಂತ ಕೈಬರಹಕ್ಕಾಗಿ ಕೈಚಾಚಬೇಕಾದ ದೇಶದಲ್ಲಿ ಕಲೆಗೆ ಮರ್ಯಾದೆಯಿದೆ ಎಂದು ನಮ್ಮ ಮಿತ್ರರು ಹೇಳಿದರೆ ಒಪ್ಪುವುದು ಹೇಗೆ? ಅಲ್ಲಿ ಮರ್ಯಾದೆ ಇರುವುದು ಹಾಳೆಗೆ.

ನಮ್ಮ ಮನೆಯ ಸಂಗತಿಗೆ ಬರೋಣ. ಚಿತ್ರಕಥೆ ಪರದೇಶದ ಸರಕೆಂದು ತಿಳಿದವರು ಒಂದು ವಿಷಯ ನೆನಪಿಡಬೇಕು. ಇಡೀ ಭಾರತದ ಮಕ್ಕಳು ಓದಿದ ‘ಅಮರ ಚಿತ್ರ ಕಥಾ’ ಮಾಲೆ ಮೊದಲು ಹೊರಟಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಮೊದಲ ಹತ್ತು ಪುಸ್ತಕಗಳು ಪಶ್ಚಿಮದ ಕಥೆಗಳ ಕನ್ನಡ ರೂಪಗಳಾಗಿದ್ದವು. ಆದುದರಿಂದಲೇ ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾಯಿತು. ಅದನ್ನು ಸಂಪಾದಿಸಿ ನಡೆಸಿದ ಅನಂತ ಪೈಯವರು ಕಾರ್ಕಳದಲ್ಲಿ ಹುಟ್ಟಿದವರು. ‘ಕೃಷ್ಣ’ಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಅನಂತ ಪೈ ಎಂದರೆ ಎಲ್ಲರಿಗೂ ಗೊತ್ತು. ವಾಯೀರ್ಕರ್ ಎಂದರೆ ಎಷ್ಟು ಜನರಿಗೆ ಗೊತ್ತು?

‘ಚಂದಮಾಮ’ದ ಕಥೆ ಇನ್ನೂ ಹತ್ತಿರದ್ದು. 1947ರ ಜುಲೈಯಲ್ಲಿ ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ಅದನ್ನು ತೆಲುಗು, ತಮಿಳುಗಳಲ್ಲಿ ಹೊರಡಿಸಿದರು. ಎರಡು ವರ್ಷಗಳಲ್ಲಿ ಕನ್ನಡವೂ ಬಂತು. ನನ್ನ ವಯಸ್ಸಿನವರಿಗೆ ಬೇತಾಳನ ಪರಿಚಯವಾದದ್ದು ಸಂಸ್ಕೃತದ ಕಥಾಸರಿತ್ಸಾಗರದಿಂದಲ್ಲ. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರದಿಂದ. ಅದನ್ನು ಬರೆದವರು ಕೆ. ಸಿ. ಶಿವಶಂಕರನ್. ಆರು ದಶಕ ಆ ಪತ್ರಿಕೆಗೆ ದುಡಿದು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಅವರ ಹೆಸರಿಗೆ ಬಂದದ್ದು 2021ರಲ್ಲಿ, ಮರಣೋತ್ತರವಾಗಿ. ಮಹಾಭಾರತದ ಅಂದವಾದ ರಕ್ಷಾಪುಟಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು, ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದವರು. ಪತ್ರಿಕೆಯ ಗತಿ ಏನಾಯಿತು? 2007ರಲ್ಲಿ ಮುಂಬಯಿಯ ಜಿಯೊಡೆಸಿಕ್ ಎಂಬ ಕಂಪನಿ ಅದನ್ನು ಕೊಂಡಿತು, ಕೆಲವು ವರ್ಷಗಳಲ್ಲಿ ಪತ್ರಿಕೆ ನಿಂತಿತು, ಕಂಪನಿ ಮುಳುಗಿತು. 2019ರಲ್ಲಿ ಮುಂಬಯಿಯ ನ್ಯಾಯಾಲಯ ಚಂದಮಾಮದ ಬೌದ್ಧಿಕ ಆಸ್ತಿಯನ್ನು ಮಾರಬೇಕೆಂದು ಆಜ್ಞೆ ಮಾಡಿತು. ನ್ಯಾಯಾಲಯವನ್ನು ನಾನು ದೂರುವುದಿಲ್ಲ. ಸಾಲಗಾರನ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವುದು ಅದರ ಧರ್ಮ. ಆದರೆ ಮೂರು ತಲೆಮಾರಿನ ಮಕ್ಕಳ ನೆನಪು ದಿವಾಳಿಯ ಪಟ್ಟಿಯಲ್ಲಿ ಮೇಜು ಕುರ್ಚಿಗಳ ಪಕ್ಕದಲ್ಲಿ ಒಂದು ಬಾಬು ಆಗಿ ಕುಳಿತಾಗ, ಕನ್ನಡದ ಒಂದು ಸಾಹಿತ್ಯ ಪರಿಷತ್ತಾಗಲಿ ವಿಶ್ವವಿದ್ಯಾಲಯವಾಗಲಿ ‘ಇದರಲ್ಲಿ ನಮ್ಮ ಪಾಲೂ ಇದೆ’ ಎಂದು ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಈಗ ನನ್ನನ್ನು ಈ ಲೇಖನಕ್ಕೆ ಹಚ್ಚಿದ ಸಂಗತಿಯನ್ನು ಹೇಳಿಬಿಡುವೆ. ಬಬಲೇಶ್ವರದ ಕಡೆಯ ಒಬ್ಬ ಚಿತ್ರಕಾರರು ಚಿತ್ರಕಲಾ ಮಾಸ್ತರರಾಗಿದ್ದು, ಕನ್ನಡದ ವಾರಪತ್ರಿಕೆಗಳಿಗೂ ಮಕ್ಕಳ ಪತ್ರಿಕೆಗಳಿಗೂ ಅನೇಕ ವರ್ಷ ಚಿತ್ರಕಥೆಗಳನ್ನು ಬರೆದರು. ಹೆಸರು ಹೇಳಲು ಮನೆಯವರ ಒಪ್ಪಿಗೆಯಿಲ್ಲ. ತಾವು ಬರೆದದ್ದು ಅಚ್ಚಾದ ಮೇಲೆ ತಿರುಗಿ ಕಳಿಸಿರೆಂದು ಅಂಚೆಚೀಟಿ ಇಟ್ಟು ಬರೆಯುವ ಹಟ ಅವರಿಗಿತ್ತು. ಹಾಗಾಗಿ ಮುನ್ನೂರಕ್ಕೂ ಮಿಕ್ಕಿದ ಹಾಳೆಗಳು ಒಂದು ತಗಡಿನ ಟ್ರಂಕಿನಲ್ಲಿ ಉಳಿದವು. ಅವರು ತೀರಿಕೊಂಡರು. ತಿಕೋಟಾದಲ್ಲಿ ದ್ರಾಕ್ಷಿ ಮಾಡುವ ಅವರ ಮಗನ ಹತ್ತಿರ ಹೊರಊರಿನ ಒಬ್ಬ ವ್ಯಾಪಾರಿ ಬಂದು, ಟ್ರಂಕಿಗೆ ಇಷ್ಟು ಎಂದು ಒಟ್ಟು ಮೊತ್ತ ಹೇಳಿ, ‘ಎಲ್ಲ ಹಕ್ಕುಗಳ ಸಹಿತ’ ಎಂದು ಬರೆದ ಕಾಗದಕ್ಕೆ ಸಹಿ ಕೇಳಿದನು. ಮಗ ಆ ಕಾಗದವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ.

“ಸರ, ಮಣೂಕದ ಭಾವ ನನಗ ಗೊತ್ತದ. ಬಣ್ಣ ನೋಡಿ ಹೇಳ್ತೀನಿ. ನಮ್ಮಪ್ಪನ ಕೈಯಾನ ಈ ಮಾಲಿಗಿ ಭಾವ ಯಾರ ಹೇಳಬೇಕ್ರೀ?” ಎಂದ.

“ಭಾವ ಆಮೇಲೆ ನೋಡೋಣ ತಮ್ಮಾ. ಮೊದಲ ಟ್ರಂಕಿನ್ಯಾಗ ಏನೈತಿ ಅಂತ ಎಣಿಸೀಯೇನು?” ಎಂದು ಕೇಳಿದೆ.

ಎಣಿಸಿರಲಿಲ್ಲ. ಒಂದು ಪೆಟ್ಟಿಗೆ ಮಣೂಕವನ್ನು ತೂಗದೆ ಕೊಡದ ಮನುಷ್ಯ, ತಂದೆಯ ಜೀವಮಾನವನ್ನು ಎಣಿಸದೆ ಕೊಡುವುದಕ್ಕೆ ಸಿದ್ಧನಾಗಿದ್ದ. ಅವನದು ತಪ್ಪೆಂದು ನಾನು ಹೇಳಲಾರೆ. ಬೆಳೆಗೆ ಸಾಲವಿತ್ತು, ಮಗಳ ಶಾಲೆಯ ಫೀ ಇತ್ತು. ಇಷ್ಟಕ್ಕೂ ಆ ಟ್ರಂಕಿನಲ್ಲಿರುವುದು ಬೆಲೆಯುಳ್ಳದ್ದೆಂದು ಅವನಿಗೆ ಮೊದಲು ಹೇಳಿದವನು ಕೊಳ್ಳಲು ಬಂದ ಆ ವ್ಯಾಪಾರಿಯೇ. ಕನ್ನಡದ ಪ್ರಾಧ್ಯಾಪಕನಲ್ಲ, ಪತ್ರಿಕೆಯಲ್ಲ, ಅಕಾಡೆಮಿಯಲ್ಲ. ಈ ಒಂದು ಮಾತಿಗಾಗಿ ವ್ಯಾಪಾರಿಯನ್ನು ಬೈಯುವ ಮುನ್ನ ನಾವು ನಾಲಿಗೆ ಕಚ್ಚಿಕೊಳ್ಳಬೇಕು.

ಕಾಗದದಲ್ಲಿದ್ದ ಆ ಮೂರು ಶಬ್ದಗಳ ಅರ್ಥವನ್ನು ಮಾತ್ರ ಅವನಿಗೆ ಬಿಡಿಸಿ ಹೇಳಿದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಟ್ರಂಕು ಇದ್ದರೆ ಅವರಿಗೂ ಉಪಯೋಗವಾದೀತು. ಹಾಳೆ ಬೇರೆ, ಹಾಳೆಯ ಮೇಲಿನ ಚಿತ್ರದ ಹಕ್ಕು ಬೇರೆ. ಹಾಳೆಯನ್ನು ಮಾರಿದ ಮಾತ್ರಕ್ಕೆ ಅದನ್ನು ಅಚ್ಚು ಹಾಕಿಸುವ ಹಕ್ಕು ಹೋಗುವುದಿಲ್ಲ. ಅದನ್ನು ಬರಹದಲ್ಲಿ ಸಹಿ ಮಾಡಿ ಕೊಟ್ಟರೆ ಮಾತ್ರ ಹೋಗುತ್ತದೆ. ನಮ್ಮ 1957ರ ಕಾಪಿರೈಟ್ ಕಾಯಿದೆಯಂತೆ ಚಿತ್ರದ ಹಕ್ಕು ಚಿತ್ರಕಾರ ತೀರಿದ ಮೇಲೂ 60 ವರ್ಷ ಇರುತ್ತದೆ. ಕೊಡುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಎಂದೂ ಕಾಯಿದೆ ತಿಳಿಯುತ್ತದೆ. ಸಹಿ ಮಾಡುವವನಿಗೆ ಇದು ಗೊತ್ತಿರುವುದಿಲ್ಲ; ಬರೆಸಿಕೊಳ್ಳುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇದೇ ಕಾಯಿದೆಯಲ್ಲಿ ಇನ್ನೊಂದು ಕಲಮು ಇದೆ, 53-ಎ ಎಂದು. 1994ರ ತಿದ್ದುಪಡಿಯಲ್ಲಿ ಸೇರಿದ್ದು. ಮೂಲ ಚಿತ್ರವಾಗಲಿ ಮೂಲ ಹಸ್ತಪ್ರತಿಯಾಗಲಿ ಹತ್ತು ಸಾವಿರ ರೂಪಾಯಿ ಮೀರಿದ ಬೆಲೆಗೆ ಮತ್ತೆ ಮಾರಾಟವಾದಾಗ, ಬರೆದವನಿಗೆ ಇಲ್ಲವೆ ಅವನ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಸಲ್ಲಬೇಕು. ಪಾಲು ಶೇಕಡಾ ಹತ್ತನ್ನು ಮೀರಬಾರದು. ಕೇಳುವುದಕ್ಕೆ ಎಷ್ಟು ಇಂಪಾಗಿದೆ! ಆದರೆ ಒಂದು ಷರತ್ತು: ಚಿತ್ರಕಾರನೇ ಆ ಹಕ್ಕಿನ ಮೊದಲ ಒಡೆಯನಾಗಿರಬೇಕು. ಸಂಬಳಕ್ಕೆ ಇದ್ದು ಬರೆದವನ ಕೃತಿಗೆ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ಧಣಿಯೇ. ಚಿತ್ರಕಥೆಯ ಲೋಕದಲ್ಲಿ ಸಂಬಳಕ್ಕೆ ದುಡಿದವರೇ ಬಹಳ. ಅಂದಮೇಲೆ ಯಾರಿಗೆ ಈ ಕಲಮು ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಅದು ಬಾಗಿಲ ಹೊರಗೆ ನಿಲ್ಲಿಸಿದೆ. ಯೂರೋಪಿನಲ್ಲಿ ಇಂಥ ಪಾಲಿನ ಪದ್ಧತಿ ಹಳೆಯದು. ಫ್ರಾನ್ಸಿನಲ್ಲಿ 1920ರಿಂದ ಇದೆ. ಆದರೆ ಅಲ್ಲಿಯೂ ಒಕ್ಕೂಟದ ನಿಯಮದಂತೆ ಒಂದು ಮಾರಾಟಕ್ಕೆ 12,500 ಯೂರೊ ಮೀರುವಂತಿಲ್ಲ. 32 ಲಕ್ಷದಲ್ಲಿ ಹನ್ನೆರಡೂವರೆ ಸಾವಿರ! ಅಮೆರಿಕದಲ್ಲಿಯಂತೂ ಇದಕ್ಕೆ ರಾಷ್ಟ್ರೀಯ ಕಾನೂನೇ ಇಲ್ಲ. ಮೈಕ್ ಝೆಕ್ ಬದುಕಿರುವಾಗಲೇ ಅವರ ಪುಟ 25 ಕೋಟಿ ರೂಪಾಯಿಯಷ್ಟು ಬೆಲೆಗೆ ಹೋಯಿತು. ಅದರಲ್ಲಿ ಇಷ್ಟು ಪಾಲು ಅವರಿಗೆ ಕೊಡತಕ್ಕದ್ದು ಎಂದು ಹೇಳುವ ಕಾನೂನು ಆ ದೇಶದಲ್ಲಿಲ್ಲ. ‘ಬೆಲೆಯೇ ಮರ್ಯಾದೆ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಲಿ.

ಲಿಲಾವಿನಿಂದ ಇನ್ನೊಂದು ಹಾನಿಯುಂಟು. ಕಥೆ ಒಡೆಯುತ್ತದೆ. ಇಪ್ಪತ್ತು ಪುಟದ ಕಥೆಯನ್ನು ಪುಟ ಪುಟವಾಗಿ ಮಾರಿದರೆ ಲಾಭ ಹೆಚ್ಚು. ನಾಯಕ ಹೊಡೆದಾಡುವ ಪುಟ ಒಬ್ಬ ಶ್ರೀಮಂತನಿಗೆ, ತಾಯಿ ಅಳುವ ಪುಟ ಯಾರಿಗೂ ಬೇಡ. ನಮ್ಮ ತೊಗಲುಗೊಂಬೆಗಳಿಗೆ ಇದೇ ಗತಿ ಬಂದದ್ದನ್ನು ನಾವು ಕಂಡಿದ್ದೇವೆ. ಕಿಳ್ಳೆಕ್ಯಾತರು ತಲೆಮಾರುಗಳಿಂದ ಕಾಪಾಡಿದ ಗೊಂಬೆಗಳು ಬಡತನದ ದಿನಗಳಲ್ಲಿ ಬಿಡಿಬಿಡಿಯಾಗಿ ಮಾರಿಹೋದವು. ರಾಮ ಒಂದೂರಿನ ದಿವಾಣಖಾನೆಯ ಗೋಡೆಗೆ, ಸೀತೆ ಇನ್ನೊಂದೂರಿನ ಅಂಗಡಿಯ ಕಪಾಟಿಗೆ. ಈ ಗೊಂಬೆಗಳನ್ನು ಊರೂರು ತಿರುಗಿ ಕೂಡಿಸಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇರಿಸಿದವರು ಎಂ. ಎಸ್. ನಂಜುಂಡರಾಯರು. ಅವರಿಂದಾಗಿ ಇಂದು ನಮ್ಮ ಮಕ್ಕಳು ಟಿಕೀಟು ಕೊಂಡು ಹೋಗಿ ಅವನ್ನು ನೋಡಬಹುದು. ಕೊಪ್ಪಳದ ಕಡೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು; ಆ ಮರ್ಯಾದೆ ಆಟ ಆಡಿಸುವ ಕೈಗೆ ಸಂದಿತು, ಗೋಡೆಗೆ ತೂಗುಹಾಕಿದ ತೊಗಲಿಗಲ್ಲ.

ವಿಜಯಪುರದವರಾದ ನಮಗೆ ಈ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದಿಲಶಾಹಿಯ ಕಾಲದಲ್ಲಿ ಈ ಊರಿನಲ್ಲಿ ಬರೆದ ಚಿತ್ರಗಳನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು? 1570ರ ‘ನುಜೂಮ್ ಅಲ್ ಉಲೂಮ್’ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ಇಡೀ ಒಂದು ಪ್ರೇಮಕಥೆಯನ್ನು ಚಿತ್ರಗಳಲ್ಲಿ ಹೇಳುವ ದಖನಿ ಕಾವ್ಯ ‘ಪೇಮ್ ನೇಮ್’, ನಮ್ಮೂರಿನ ಚಿತ್ರಕಥೆಯೆಂದೇ ಹೇಳಬಹುದಾದದ್ದು, ಲಂಡನ್ನಿನಲ್ಲಿದೆ. ಆಸಾರ್ ಮಹಲಿನ ಪುಸ್ತಕ ಭಂಡಾರದಲ್ಲಿ ಉಳಿದಿದ್ದ ಗ್ರಂಥಗಳು 1853ರಲ್ಲಿ ಲಂಡನ್ನಿಗೆ ಹೋದವು. ಸುಲ್ತಾನರನ್ನು ಸಾಲಾಗಿ ಕೂಡಿಸಿ ಬರೆದ ‘ಬಿಜಾಪುರದ ಮನೆತನ’ ನ್ಯೂಯಾರ್ಕಿನಲ್ಲಿದೆ. ಗೋಲಗುಂಬಜದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಇರುವುದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಈ ಹೆಸರುಗಳು ಅಲ್ಲಿಲ್ಲ.

‘ಹಾಗೆ ಹೋದದ್ದರಿಂದಲೇ ಉಳಿದವು’ ಎಂದು ಒಬ್ಬರು ಹೇಳಿಯಾರು. ಈ ಮಾತಿನಲ್ಲಿ ಹುರುಳಿದೆ; ತಳ್ಳಿಹಾಕಲಾರೆ. ಬ್ಲಾಕು ಮಾಡಿಸಿದ ಮೇಲೆ ಹಾಳೆಯನ್ನು ರದ್ದಿಗೆ ಹಾಕಿದ ಪತ್ರಿಕಾ ಕಚೇರಿಗಿಂತ, ಅದೇ ಹಾಳೆಗೆ ಗಾಜು ಹಾಕಿಸಿದ ಖಾಸಗಿ ಗೃಹಸ್ಥ ಸಾವಿರ ಪಾಲು ಮೇಲು. ಹಣ ಕೊಟ್ಟು ಕೊಳ್ಳುವವನಿಗೆ ಹುಳ ಹಿಡಿಯದಂತೆ ಕಾಯುವ ಎಚ್ಚರ ಇರುತ್ತದೆ. ಆದುದರಿಂದ ಲಿಲಾವನ್ನು ನಿಲ್ಲಿಸಿರೆಂದು ನಾನು ಕೂಗುವುದಿಲ್ಲ. ನಿಲ್ಲಿಸಿದರೆ ಟ್ರಂಕು ಗೆದ್ದಲಿಗೆ ಹೋಗುತ್ತದೆ, ಮಗನ ಸಾಲ ಹಾಗೆಯೇ ಉಳಿಯುತ್ತದೆ. ಆದರೆ ಉಳಿಯುವುದಕ್ಕೆ ಲಿಲಾವೊಂದೇ ದಾರಿ ಎಂಬ ಮಾತನ್ನು ಮಾತ್ರ ಈ ಊರಿನಲ್ಲಿ ನಿಂತು ಯಾರೂ ಆಡಬಾರದು. ಫ. ಗು. ಹಳಕಟ್ಟಿಯವರು ಬಾಳಿದ ಊರು ಇದು. ಮಠ ಮನೆಗಳ ಅಟ್ಟದ ಮೇಲೆ ಹೊಗೆ ಹಿಡಿದು ಬಿದ್ದಿದ್ದ ವಚನದ ಕಟ್ಟುಗಳನ್ನು ಹಳ್ಳಿಹಳ್ಳಿ ತಿರುಗಿ ಅವರು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಆ ತಾಳೆಗರಿಗಳಿಗೆ ಯಾರೂ ಕೂಗು ಹಾಕಲಿಲ್ಲ. ಹಳಕಟ್ಟಿಯವರು ಓದಿದರು, ಎಣಿಸಿದರು, ಅಚ್ಚು ಹಾಕಿಸಿದರು. ಬೆಲೆ ಆಮೇಲೆ ಬಂತು.

ಆದುದರಿಂದ ನಾನು ಕೇಳುವುದು ನಾಲ್ಕೇ ಮಾತು. ಪತ್ರಿಕೆಗಳವರು, ಪ್ರಕಾಶಕರು ಅಚ್ಚಾದ ಮೇಲೆ ಮೂಲ ಚಿತ್ರವನ್ನು ಚಿತ್ರಕಾರನಿಗೆ ತಿರುಗಿಸಬೇಕು, ಹಾಳೆ ಅವನದೆಂದು ಬರೆದೂ ಕೊಡಬೇಕು. ಯಂತ್ರದ ಮೇಲೆಯೇ ಬರೆಯುವವರು ಹೆಚ್ಚಾಗಿರುವ ಈ ದಿನಗಳಲ್ಲಿ ಕಾಗದದ ಮೂಲಗಳು ಇನ್ನು ಹುಟ್ಟುವುದೇ ಕಡಮೆ, ಇರುವುದನ್ನಾದರೂ ಕೈಬಿಡಬಾರದು. ಎರಡನೆಯದು, 53-ಎ ಕಲಮು ಸಂಬಳಕ್ಕೆ ಬರೆದವನಿಗೂ ಸಲ್ಲುವಂತೆ ತಿದ್ದಬೇಕು. ಮೂರನೆಯದು, ಇಂಥ ಸಂಗ್ರಹ ಮಾರಾಟಕ್ಕೆ ಬಂದಾಗ ಮೊದಲ ಕೂಗು ಸಾರ್ವಜನಿಕ ಸಂಸ್ಥೆಯದಾಗಿರಬೇಕು. ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ಒಂದು ಗ್ಯಾಲರಿಯನ್ನೇ ತೆರೆದು ದಾರಿ ತೋರಿಸಿದೆ. ನಮ್ಮ ಊರಿನಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ, ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಎಣಿಸಿ ಪಟ್ಟಿ ಮಾಡಬಲ್ಲ ನಾಲ್ವರು ವಿದ್ಯಾರ್ಥಿನಿಯರು ಸಾಕು. ನಾಲ್ಕನೆಯದು ಓದುಗರಿಗೆ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಿರಿ, ಸಂತೋಷ. ಆದರೆ ಕೈ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿರಿ: ಬರೆದವರು ಯಾರು? ಅವರ ಮನೆಗೆ ಇದರಲ್ಲಿ ಏನು ಸಲ್ಲುತ್ತದೆ? ಇದರ ಜೊತೆಯ ಪುಟಗಳು ಎಲ್ಲಿವೆ? ಮಾರುವವನು ಉತ್ತರ ಕೊಡದಿದ್ದರೆ ಕೈ ಇಳಿಸಿರಿ.

ತಿಕೋಟಾದ ತಮ್ಮ ಇನ್ನೂ ಸಹಿ ಮಾಡಿಲ್ಲ. ಹಾಳೆಗಳಿಗೆ ನಂಬರು ಹಾಕುವ ಕೆಲಸ ನಡೆದಿದೆ. ಶಾಲೆಗೆ ಹೋಗುವ ಅವನ ಮಗಳೇ ಅಜ್ಜನ ಕಥೆಗಳನ್ನು ಓದುತ್ತ ಪುಟಗಳನ್ನು ಜೋಡಿಸುತ್ತಿದ್ದಾಳೆ. ಆದರೆ ಸಾಲದ ಕಂತಿಗೆ ನಮ್ಮ ತತ್ತ್ವಗಳು ಗೊತ್ತಿಲ್ಲ. ವ್ಯಾಪಾರಿ ಕೊಟ್ಟ ವಾಯಿದೆಯೂ ಬಹಳ ದಿನದ್ದಲ್ಲ. ಅಷ್ಟರೊಳಗೆ ಕನ್ನಡದ ಒಂದು ಸಂಸ್ಥೆಯಾದರೂ ಆ ಬಾಗಿಲಿಗೆ ಬಂದು ‘ನಾವೂ ಕೇಳುತ್ತೇವೆ’ ಎಂದೀತೆ? ಬರದಿದ್ದರೆ, ನಾಳೆ ಈ ಹಾಳೆಗಳು ಎಲ್ಲಿಯೋ ಲಕ್ಷಗಟ್ಟಲೆ ಬೆಲೆಗೆ ಹೋದ ಸುದ್ದಿ ಓದಿ ‘ನಮ್ಮವರಿಗೆ ಕಲೆಯ ಬೆಲೆ ಗೊತ್ತಿಲ್ಲ’ ಎಂದು ನಿಟ್ಟುಸಿರು ಬಿಡುವ ಹಕ್ಕನ್ನಾದರೂ ನಾವು ಬಿಟ್ಟುಕೊಡಬೇಕು.